ಚಕ್ರ ಸುತ್ತುವಷ್ಟು ಹೊತ್ತು

"ಚಕ್ರ ಬಂತು, ಚಕ್ರ ಬಂತು. ಅಮ್ಮ, ಓದು," ಎಂದು ಸೂಜಿ ಪುಸ್ತಕವನ್ನು ಅಮ್ಮನ ಮಡಿಲಿಗೆ ತಳ್ಳಿದಳು.

ಲ್ಯಾಪ್‌ಟಾಪಿನ ಪರದೆಯ ನಡುವೆ ನೀಲಿ ಚಕ್ರವೊಂದು ಸುತ್ತತೊಡಗಿತ್ತು. ಅದು ಸುತ್ತುವಷ್ಟು ಹೊತ್ತು ಅಮ್ಮನ ಕೈಗೆ ಬಿಡುವು. ಅಮ್ಮ ಮೌಸ್ ಬಿಟ್ಟಳು. ಬೆರಳು ಮಡಚಿ ಲಟಲಟನೆ ನೆಟಿಕೆ ಮುರಿದಳು. ದಾರ ಸುತ್ತಿದ ಕನ್ನಡಕವನ್ನು ಮೂಗಿನ ತುದಿಗೆ ಸರಿಸಿಕೊಂಡು ಓದಲು ಶುರುಮಾಡಿದಳು.

"ಕರಡಿ ಹಿಟ್ಟಿನ ಪೀಪಾಯಿಯೊಳಗೆ ಕುಕ್ಕರಗಾಲಲ್ಲಿ ಕೂತಿತ್ತು. ಮೈಯೆಲ್ಲ ಹಿಟ್ಟು, ಮೂತಿಯೆಲ್ಲ ಹಿಟ್ಟು. ಹೊರಗೆ ಕ್ಯಾಪ್ಟನ್ನನ ಬೂಟು ಟಕ್ ಟಕ್ ಎಂದು ಹತ್ತಿರ ಬಂತು. 'ಏನಯ್ಯಾ ಅಡುಗೆಯವನೇ, ಪೀಪಾಯಿ ತೆಗೆ. ಹಿಟ್ಟು ಎಷ್ಟಿದೆ ನೋಡಬೇಕು.' ಸರಿಯಾಗಿ ಅದೇ ಹೊತ್ತಿಗೆ ಕರಡಿಯ ಮೂಗಿನೊಳಗೆ ಏನೋ ಗುಳುಗುಳು..."

ಚಕ್ರ ಮಾಯವಾಯಿತು. ಅಮ್ಮನ ಕೈ ಪುಸ್ತಕ ಬಿಟ್ಟು ಮೌಸ್ ಹಿಡಿಯಿತು. ಕಣ್ಣು ಪರದೆಗೆ ಅಂಟಿತು.

"ಸೀನಿತಾ? ಕರಡಿ ಸೀನಿತಾ ಇಲ್ವಾ, ಅಷ್ಟು ಹೇಳಿಬಿಡು."

"ಮುಂದಿನ ಚಕ್ರಕ್ಕೆ ಕಣೆ."

"ಅಲ್ಲೀವರೆಗೂ ಅದು ಮೂಗು ಹಿಡ್ಕೊಂಡು ಕೂತಿರಬೇಕಾ?"

"ಕೂತಿರ್ಲಿ. ನಾನು ಕೂತಿಲ್ವಾ?"

ಸೂಜಿಗೆ ಶಾಲೆಯಲ್ಲಿ ಹಾಜರಿ ಕೂಗುವಾಗ ಬೇರೆ ಹೆಸರಿತ್ತು. ಮನೆಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವಳು ಸೂಜಿಯೇ. ಮೈ ಅಷ್ಟು ಸಣ್ಣ, ಮಾತು ಅಷ್ಟು ಚೂಪು. ಐದನೇ ಕ್ಲಾಸಿನ ಹುಡುಗಿ, ಕತೆಯನ್ನು ತಾನೇ ಓದಿಕೊಳ್ಳಬಹುದಿತ್ತು. ಆದರೆ ಕರಡಿಗೆ ಅಮ್ಮ ಕೊಡುವ ದಪ್ಪ ಗಂಟಲು ಅವಳಿಗೆ ಬರುತ್ತಿರಲಿಲ್ಲ. ಮೇಲಾಗಿ ಇಬ್ಬರ ನಡುವೆ ಒಂದು ಒಪ್ಪಂದವಿತ್ತು: ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಓದುವಂತಿಲ್ಲ.

ಅಪ್ಪ ಇರುತ್ತಿದ್ದುದು ಲಾರಿಯ ಮೇಲೆ. ಮನೆಗೆ ಬರುವುದು ಬಟ್ಟೆ ಒಗೆಸಿಕೊಳ್ಳೋಕೆ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಹಾಗಾಗಿ ಮನೆಯಲ್ಲಿ ಇರುವವರು ಇಬ್ಬರೇ. ಇಬ್ಬರ ಜೊತೆ ಈ ಲ್ಯಾಪ್‌ಟಾಪು.

ಅಮ್ಮನ ಕೆಲಸ ಮನೆಯಲ್ಲೇ, ಕಿಟಕಿಯ ಪಕ್ಕ ಹಾಕಿದ ಮಡಚುವ ಮೇಜಿನ ಮೇಲೆ. ಪರದೆಗೆ ರಸ್ತೆಗಳ ಫೋಟೊ ಬರುತ್ತಿದ್ದವು, ಒಂದರ ಬೆನ್ನಿಗೆ ಒಂದು. ಯಾವ ಊರಿನ ರಸ್ತೆಗಳೋ ಅಮ್ಮನಿಗೂ ಗೊತ್ತಿರಲಿಲ್ಲ. ಅದರಲ್ಲಿ ಕಾಣುವ ಪ್ರತಿ ಬಸ್ಸು, ಪ್ರತಿ ಸೈಕಲ್ಲು, ಪ್ರತಿ ನಾಯಿ, ಪ್ರತಿ ಮನುಷ್ಯನ ಸುತ್ತ ಮೌಸಿನಿಂದ ಒಂದು ಚೌಕ ಎಳೆಯಬೇಕು. ಇದು ಬಸ್ಸು, ಇದು ನಾಯಿ, ಇವರು ಮನುಷ್ಯರು ಎಂದು ಗುರುತು ಹಾಕಬೇಕು. ಎಲ್ಲೋ ಯಾರೋ ತಾನಾಗಿಯೇ ಓಡುವ ಕಾರು ಮಾಡುತ್ತಿದ್ದಾರಂತೆ. ಆ ಕಾರಿಗೆ ಇದು ಪಾಠವಂತೆ.

"ಕಾರಿಗೆ ಮನುಷ್ಯರು ಕಾಣಿಸಲ್ವಾ?" ಎಂದು ಸೂಜಿ ಒಮ್ಮೆ ಕೇಳಿದ್ದಳು.

"ತೋರಿಸಿಕೊಟ್ರೆ ಕಾಣಿಸುತ್ತೆ," ಎಂದಿದ್ದಳು ಅಮ್ಮ. "ಕೆಲವರಿಗೆ ತೋರಿಸಿಕೊಟ್ರೂ ಕಾಣಿಸಲ್ಲ. ಏನು ಮಾಡೋಣ?"

ಪರದೆಯ ನೆತ್ತಿಯ ಮೇಲೆ ಯಾವಾಗಲೂ ಒಂದು ಗೆರೆ ಇರುತ್ತಿತ್ತು. ಕೆಲಸ ಚುರುಕಾಗಿ ಸಾಗಿದರೆ ಅದು ಹಸಿರು. ನಿಧಾನವಾದರೆ, ತಪ್ಪಾದರೆ ಹಳದಿ. ಕೆಂಪಾದರೆ ಆ ದಿನದ ಫೋಟೊಗಳು ಬೇರೆ ಯಾರ ಮನೆಗೋ ಹೋಗಿಬಿಡುತ್ತವೆ. ಕಂಪನಿಯವರ ಮುಖವನ್ನು ಸೂಜಿ ನೋಡಿರಲಿಲ್ಲ, ಅಮ್ಮನೂ ನೋಡಿರಲಿಲ್ಲ. ತಾಯಿ ಮಗಳು ನೋಡಿದ್ದು ಆ ಗೆರೆಯನ್ನು ಮಾತ್ರ. ಸೂಜಿ ಶಾಲೆಯಿಂದ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲು ಗೆರೆಯ ಬಣ್ಣ ನೋಡುತ್ತಿದ್ದಳು. ಅಮ್ಮನ ಜೊತೆ ಇವತ್ತು ಏನು ಮಾತಾಡಬಹುದು, ಏನು ಮಾತಾಡಬಾರದು ಎಂಬುದು ಅದರಿಂದಲೇ ಗೊತ್ತಾಗುತ್ತಿತ್ತು.

ಚಕ್ರ ಬಂದಾಗ ಮಾತ್ರ ಗೆರೆ ತೆಪ್ಪಗಿರುತ್ತಿತ್ತು. ತಪ್ಪು ಮಷೀನಿನದಲ್ಲವೇ? ಹೀಗೆ ಚಕ್ರಕ್ಕೊಂದು ಪುಟ, ಅರ್ಧ ಪುಟ ಎಂದು ಓದುತ್ತ, ಸರ್ಕಸ್ಸಿನಿಂದ ತಪ್ಪಿಸಿಕೊಂಡ ಕರಡಿಯನ್ನು ಇಬ್ಬರೂ ಸೇರಿ ಹಡಗು ಹತ್ತಿಸಿದ್ದರು, ಅಡುಗೆಮನೆಗೆ ನುಗ್ಗಿಸಿದ್ದರು, ಈಗ ಪೀಪಾಯಿಯಲ್ಲಿ ಬಚ್ಚಿಟ್ಟಿದ್ದರು. ಜಡೆ ಹೆಣೆಯುವುದೂ ಹಾಗೆಯೇ. ಒಂದು ಚಕ್ರಕ್ಕೆ ಎಡ ಜಡೆ, ಇನ್ನೊಂದು ಚಕ್ರಕ್ಕೆ ಬಲ ಜಡೆ. ಬೆಳಿಗ್ಗೆ ಎರಡನೇ ಚಕ್ರ ಬಾರದೆ ಸೂಜಿ ಒಂದೇ ಜಡೆಯಲ್ಲಿ ಶಾಲೆಗೆ ಓಡಿದ್ದೂ ಉಂಟು.

ಆ ಸಂಜೆ ಮುಂದಿನ ಚಕ್ರ ಬರಲಿಲ್ಲ. ಬದಲಿಗೆ ಪರದೆಯ ಮೂಲೆಯಲ್ಲಿ ಒಂದು ಸಂದೇಶ ಬಂತು.

ಅಮ್ಮ ಅದನ್ನು ಮನಸ್ಸಿನಲ್ಲೇ ಓದಿಕೊಂಡಳು. ಇನ್ನೊಮ್ಮೆ ಓದಿದಳು.

"ಏನಮ್ಮ?"

"ಸೋಮವಾರದಿಂದ ಹೊಸ ಸಾಫ್ಟ್‌ವೇರ್ ಅಂತೆ. ಎಂಟು ಜಿಬಿ ಮೆಮೊರಿ ಇಲ್ಲದ ಮಷೀನಲ್ಲಿ ಕೆಲಸ ತೆರೆಯೋದೇ ಇಲ್ವಂತೆ."

"ನಮ್ಮದು ಎಷ್ಟು?"

"ನಾಲ್ಕು."

ಅಮ್ಮ ಸೂಪರ್‌ವೈಸರಿಗೆ ಒಂದು ಸಾಲು ಟೈಪ್ ಮಾಡಿದಳು: ಮೆಮೊರಿಯನ್ನು ಕಂಪನಿಯವರು ಕೊಡುತ್ತಾರಾ? ತಕ್ಷಣ ಉತ್ತರ ಬಂತು: ಮಷೀನ್ ನಿಮ್ಮ ಜವಾಬ್ದಾರಿ, ನಿಮ್ಮ ದಿನ ಚೆನ್ನಾಗಿರಲಿ. ಕೆಳಗೆ ಹಲ್ಲು ಕಿರಿಯುವ ಒಂದು ಹಳದಿ ಮುಖ.

"ಕೆಲಸ ಅವರದ್ದು, ಮಷೀನು ನಮ್ಮದಾ?" ಸೂಜಿ ಕೇಳಿದಳು.

"ಹೂಂ. ಕರೆಂಟೂ ನಮ್ಮದೇ, ಕುರ್ಚಿಯೂ ನಮ್ಮದೇ. ಕಣ್ಣೂ ನಮ್ಮದೇ," ಎಂದಳು ಅಮ್ಮ. ಮುಂದಿನ ಫೋಟೊ ಬಂದಿತ್ತು. ಅವಳು ಒಂದು ನಾಯಿಯ ಸುತ್ತ ಚೌಕ ಎಳೆದಳು.

ಮರುದಿನ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಸೂಜಿ ಮಿಸ್ಸನ್ನು ಬಿಡಲೇ ಇಲ್ಲ. ಕೆಟ್ಟು ನಿಂತಿದ್ದ ಒಂದು ಕಂಪ್ಯೂಟರಿನ ಡಬ್ಬವನ್ನು ಬಿಚ್ಚಿ ಮಿಸ್ ಧೂಳು ಹೊಡೆಯುತ್ತಿದ್ದರು.

"ಮಿಸ್, ಮೆಮೊರಿ ಅಂದ್ರೆ ಯಾವುದು?"

ಮಿಸ್ ಉದ್ದನೆಯ ಹಸಿರು ಪಟ್ಟಿಯೊಂದನ್ನು ಕಿತ್ತು ಅವಳ ಕೈಗಿಟ್ಟರು. ಒಂದು ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳು. "ಇದೇ. ರ್ಯಾಮ್ ಅಂತಾರೆ."

"ಇದು ಜಾಸ್ತಿ ಇದ್ರೆ ಏನಾಗುತ್ತೆ?"

"ನಿಮ್ಮನೇಲಿ ಅಡುಗೆಕಟ್ಟೆ ಎಷ್ಟಗಲ ಇದೆ?"

ಸೂಜಿ ಎರಡು ಮೊಳಕೈ ಜೋಡಿಸಿ ತೋರಿಸಿದಳು.

"ಅಷ್ಟು ಸಣ್ಣ ಕಟ್ಟೆ ಆದ್ರೆ ಒಂದು ಪಾತ್ರೆ ಇಡೋಕೆ ಇನ್ನೊಂದನ್ನ ಕೆಳಗೆ ಇಳಿಸಬೇಕು. ಇಳಿಸೋದು, ಎತ್ತೋದು, ಇಳಿಸೋದು, ಎತ್ತೋದು, ಅದರಲ್ಲೇ ಹೊತ್ತು ಹೋಗುತ್ತೆ. ಮೆಮೊರಿ ಅಂದ್ರೆ ಕಂಪ್ಯೂಟರಿನ ಕಟ್ಟೆ. ದೊಡ್ಡದಾದಷ್ಟೂ ಎಲ್ಲಾ ಕೈಗೆ ಸಿಗೋ ಹಾಗೆ ಇಟ್ಕೋಬಹುದು."

"ಹಾಗಾದ್ರೆ ಚಕ್ರ ಸುತ್ತಲ್ವಾ?"

"ಸುತ್ತಲ್ಲ."

"ಕೆಲಸ ಬೇಗ ಮುಗಿಯುತ್ತಾ?"

"ಬೇಗ ಮುಗಿಯುತ್ತಪ್ಪ. ಯಾಕೆ ಇಷ್ಟು ತಲೆ ತಿಂತೀಯ?"

ಸೂಜಿಯ ತಲೆಯೊಳಗೆ ಒಂದು ಲೆಕ್ಕ ಓಡುತ್ತಿತ್ತು. ಅಮ್ಮನ ದಿನದಲ್ಲಿ ಇಷ್ಟಿಷ್ಟೇ ಚೂರಾಗಿ ಬಿದ್ದಿರುವ ಚಕ್ರಗಳನ್ನೆಲ್ಲ ಒಟ್ಟು ಮಾಡಿದರೆ ಎಷ್ಟು ಹೊತ್ತಾಗಬಹುದು? ಅಷ್ಟೂ ಹೊತ್ತು ಸಂಜೆಗೆ ಒಂದೇ ಗಂಟಾಗಿ ಸಿಗುತ್ತದೆ. ಅಮ್ಮ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾಳೆ. ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಾಳೆ. ಕರಡಿಯ ಕತೆ ಒಂದೇ ಉಸಿರಿಗೆ ದಡ ಸೇರುತ್ತದೆ.

ಅವಳು ಸ್ಕೇಲ್ ತಂದು ಹಸಿರು ಪಟ್ಟಿಯ ಉದ್ದ ಅಳೆದಳು. ಅದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು. ಮನೆಯ ಲ್ಯಾಪ್‌ಟಾಪನ್ನೇ ಬಿಚ್ಚಿ ಅಳೆಯಬಹುದಿತ್ತಲ್ಲ ಎನ್ನಬೇಡಿ. ಅದು ಅಮ್ಮನ ಕೈಯಿಂದ ಬಿಡುವಾಗಿ ಮಲಗಿದ್ದನ್ನು ಸೂಜಿ ನೋಡಿದ್ದೇ ಇಲ್ಲ.

ಭಾನುವಾರ ಅಮ್ಮ ಊಟದ ವಿರಾಮದ ಗುಂಡಿ ಒತ್ತಿದಳು. ದಿನಕ್ಕೆ ಅದೊಂದೇ ವಿರಾಮ. ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಗಡಿಯಾರ ಹಿಂದಕ್ಕೆ ಓಡತೊಡಗಿತು. ಅಮ್ಮ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಸೂಜಿಯ ಸ್ಕೂಲ್ ಬ್ಯಾಗಿಗೆ ಹಾಕಿದಳು. ಕಪಾಟಿನ ಮೇಲಿಂದ ಕನ್ನಡಕದ ಡಬ್ಬಿ ತೆಗೆದಳು. ಅದರಲ್ಲಿ ಕನ್ನಡಕ ಇರಲಿಲ್ಲ. ಹೊಸ ಕನ್ನಡಕಕ್ಕೆಂದು ಕೂಡಿಟ್ಟ ಹಣವಿತ್ತು. ಹಳೆಯದರ ನಂಬರು ಈಗ ಅಮ್ಮನ ಕಣ್ಣಿಗೆ ಸಾಲುತ್ತಿರಲಿಲ್ಲ. ಸಂಜೆಯಾದರೆ ಕಣ್ಣು ಕೆಂಪಗಾಗಿ ನೀರು ಸುರಿಸುತ್ತಿತ್ತು.

ಇಬ್ಬರೂ ಊಟ ಬಿಟ್ಟು ಓಡಿದರು.

ಅಂಗಡಿ ಒಂದು ಮಹಡಿ ಮೆಟ್ಟಿಲಿನ ಕೆಳಗಿತ್ತು. ನಿಂತರೆ ತಲೆ ತಾಗುವಷ್ಟು ತಗ್ಗು. ಒಳಗೆ ವೈರುಗಳ ಗುಡ್ಡೆ, ಬಿಚ್ಚಿಟ್ಟ ಲ್ಯಾಪ್‌ಟಾಪುಗಳ ಹೊಟ್ಟೆ ಬೆನ್ನು. ಅದರ ನಡುವೆ ಒಬ್ಬ ಹೆಂಗಸು ಹಲ್ಲಿನ ನಡುವೆ ಸ್ಕ್ರೂ ಕಚ್ಚಿಕೊಂಡು ಕೂತಿದ್ದಳು. ಅಂಗಡಿಯವಳು ಅವಳೇ.

"ಆಂಟಿ, ರ್ಯಾಮ್ ಬೇಕು. ಇಷ್ಟುದ್ದದ್ದು," ಎಂದು ಸೂಜಿ ಅಂಗೈ ಚಾಚಿದಳು.

ಅಂಗಡಿಯವಳು ಅಂಗೈ ನೋಡಿದಳು, ಬ್ಯಾಗು ನೋಡಿದಳು, ಬಾಯಿಂದ ಸ್ಕ್ರೂ ತೆಗೆದಳು. "ಭವಿಷ್ಯ ಕೇಳೋಕೆ ಬಂದ್ಯೇನೋ ಅಂದ್ಕೊಂಡೆ. ಇದು ಮೇಜಿನ ಕಂಪ್ಯೂಟರ್‌ದು ಕಣಮ್ಮ. ಲ್ಯಾಪ್‌ಟಾಪಿಗೆ ಗಿಡ್ಡದ್ದು. ಅಳತೆ ಒಂದೇ ಅಲ್ಲ, ತಲೆಮಾರೂ ಕೂಡಬೇಕು. ಅಜ್ಜಿ ಹಲ್ಲು ಮೊಮ್ಮಗಳ ಬಾಯಿಗೆ ಕೂರುತ್ತಾ?"

ಸೂಜಿ ಅಂಗೈಯನ್ನು ಫ್ರಾಕಿಗೆ ಉಜ್ಜಿಕೊಂಡಳು. ಶಾಯಿ ಹೋಗಲಿಲ್ಲ.

"ಸ್ವಲ್ಪ ಬೇಗ ನೋಡ್ತೀರಾ ಅಕ್ಕ," ಎಂದಳು ಅಮ್ಮ. "ವಿರಾಮ ಮುಗಿಯೋದರೊಳಗೆ ಹೋಗಬೇಕು."

"ಫೋಟೊಗೆ ಚೌಕ ಹಾಕೋ ಕೆಲಸನಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಈ ವಾರ ಬರ್ತಿರೋರೆಲ್ಲ ನೀವೇ. ಎಲ್ಲರಿಗೂ ಸೋಮವಾರದೊಳಗೆ ಬೇಕು. ಎಲ್ಲರೂ ನಿಂತೇ ಇರ್ತಾರೆ, ಸ್ಟೂಲ್ ಕೊಟ್ರೂ ಕೂರಲ್ಲ." ಅಂಗಡಿಯವಳು ಲ್ಯಾಪ್‌ಟಾಪನ್ನು ಬೋರಲು ಹಾಕಿ ಬೆನ್ನಿನ ಮುಚ್ಚಳ ಬಿಚ್ಚಿದಳು. "ರ್ಯಾಮ್ ಹಾಕೋ ಜಾಗ ಒಂದೇ ಇದೆ. ಹಳೇದು ತೆಗೀಲೇಬೇಕು. ಎಂಟು ಹಾಕಲೋ, ಹದಿನಾರು ಹಾಕಲೋ? ಎರಡೂ ಕೂರುತ್ತೆ."

ಅವಳು ಎರಡು ಪುಟ್ಟ ಹಸಿರು ತುಂಡುಗಳನ್ನು ಮೇಜಿನ ಮೇಲಿಟ್ಟಳು. ನೋಡಲು ಎರಡೂ ಅವಳಿ ಜವಳಿ. ಬೆಲೆಯಲ್ಲಿ ಮಾತ್ರ ಒಂದು ಇನ್ನೊಂದರ ದುಪ್ಪಟ್ಟು.

"ಎಂಟು ಸಾಕು," ಎಂದಳು ಅಮ್ಮ. "ಅವರು ಕೇಳಿರೋದು ಅಷ್ಟೇ."

"ಹದಿನಾರು," ಎಂದಳು ಸೂಜಿ.

"ಸುಮ್ನಿರು ಸೂಜಿ."

"ಎಂಟು ಹಾಕಿದ್ರೆ ಆಗೊಮ್ಮೆ ಈಗೊಮ್ಮೆ ಚಕ್ರ ಬರುತ್ತಾ ಆಂಟಿ?"

"ಹೊಸ ಸಾಫ್ಟ್‌ವೇರ್ ಭಾರ ಇದೆ. ಬಂದ್ರೂ ಬರಬಹುದು."

"ಹದಿನಾರಕ್ಕೆ?"

"ಬರೋ ಮಾತೇ ಇಲ್ಲ."

ಸೂಜಿ ಅಮ್ಮನ ಸೆರಗು ಹಿಡಿದಳು. "ಅಮ್ಮ, ಹದಿನಾರೇ ತಗೋ. ಚಕ್ರ ಒಂದೂ ಬರಲ್ಲ. ಬೇಗ ಮುಗಿದುಹೋಗುತ್ತೆ. ಸಂಜೆ ಪೂರ್ತಿ ನಾವಿಬ್ಬರೇ. ಕಣ್ಣೂ ಉರಿಯಲ್ಲ ನಿಂಗೆ. ಪ್ಲೀಸ್ ಅಮ್ಮ. ಇನ್ನೇನೂ ಕೇಳಲ್ಲ ನಾನು."

ಅಮ್ಮ ಎರಡು ತುಂಡುಗಳನ್ನೂ ನೋಡಿದಳು. ಕನ್ನಡಕದ ಡಬ್ಬಿ ನೋಡಿದಳು. ಮಗಳ ಮುಖ ನೋಡಿದಳು. ಮೂಗಿನ ಮೇಲಿನ ದಾರ ಸುತ್ತಿದ ಕನ್ನಡಕವನ್ನು ಮೇಲಕ್ಕೆ ತಳ್ಳಿದಳು.

"ಇದು ಇನ್ನೊಂದಷ್ಟು ದಿನ ನಡೆಯುತ್ತೆ ಬಿಡು," ಎಂದು ತನಗೆ ತಾನೇ ಹೇಳಿಕೊಂಡಳು. "ಹದಿನಾರೇ ಹಾಕಿ ಅಕ್ಕ."

ಅಂಗಡಿಯವಳು ಏನೋ ಹೇಳಲು ಬಾಯಿ ತೆರೆದಳು. ಸೂಜಿಯ ಅರಳಿದ ಮುಖ ನೋಡಿ ಮತ್ತೆ ಸ್ಕ್ರೂ ಕಚ್ಚಿಕೊಂಡಳು. ಎರಡು ಬದಿಯ ಕೊಕ್ಕೆ ಸರಿಸಿ ಹಳೆಯ ತುಂಡನ್ನು ಎತ್ತಿದಳು. ಹೊಸದನ್ನು ಓರೆಯಾಗಿ ಇಳಿಸಿ ಒತ್ತಿದಳು. ಟಕ್ ಎಂದು ಕೂತಿತು. ಅಷ್ಟೇ ಕೆಲಸ.

"ಹಳೇದು ತಗೋ," ಎಂದು ಸೂಜಿಯ ಕೈಗೆ ಕೊಟ್ಟಳು. "ನಾಲ್ಕು ಜಿಬಿ ಈಗ ಯಾರಿಗೂ ಬೇಡ. ಆಟ ಆಡ್ಕೋ."

ವಾಪಸ್ಸು ಓಡುವಾಗ ಸೂಜಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹಿಂದೆ ಅಮ್ಮ ಬ್ಯಾಗನ್ನು ಎಳೆಗೂಸಿನ ಹಾಗೆ ಎದೆಗೊತ್ತಿಕೊಂಡು ಏದುಸಿರು ಬಿಡುತ್ತ ಬರುತ್ತಿದ್ದಳು. ಬಾಗಿಲು ತೆಗೆದು ಲ್ಯಾಪ್‌ಟಾಪ್ ಹಚ್ಚುವಷ್ಟರಲ್ಲಿ ವಿರಾಮ ಮುಗಿದು ಗೆರೆ ಹಳದಿಯಾಗಿತ್ತು.

ಆದರೆ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಒಂದು ಫೋಟೊ ಹೋದ ಕೂಡಲೇ ಇನ್ನೊಂದು ಬಂತು. ಎಲ್ಲೂ ಚಕ್ರವಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗಿತ್ತು ಕೆಲಸ. ಅಮ್ಮ ನಂಬಲಾರದೆ ಒಮ್ಮೆ ನಕ್ಕಳು. "ಅಯ್ಯೋ ಸೂಜಿ, ಇದು ನಮ್ಮನೆ ಮಷೀನೇನಾ?"

ಆ ಸಂಜೆ ಅಮ್ಮ ಬೇಗ ಮುಗಿಸಿದಳು. ಗೋಡೆಗೆ ಒರಗಿ ಕಾಲನ್ನೂ ಚಾಚಿದಳು. ಪುಸ್ತಕ ತರಲು ಸೂಜಿ ಒಳಗೆ ಓಡಿದಳು. ತಂದು ನೋಡುತ್ತಾಳೆ, ಅಮ್ಮನಿಗೆ ಕೂತಲ್ಲೇ ನಿದ್ದೆ ಹತ್ತಿತ್ತು. ಬಲಗೈಯ ತೋರುಬೆರಳು ಮಾತ್ರ ನಿದ್ದೆಯಲ್ಲೂ ತೊಡೆಯ ಮೇಲೆ ಮೆಲ್ಲಗೆ ಒತ್ತುತ್ತಿತ್ತು, ಟಿಕ್, ಟಿಕ್. ಸೂಜಿ ಎಬ್ಬಿಸಲಿಲ್ಲ. ನಾಳೆಯಿಂದ ದಿನವೂ ಸಂಜೆ ಇದೆಯಲ್ಲ, ಎಂದುಕೊಂಡಳು.

ಸೋಮವಾರ ಶಾಲೆಯಿಂದ ಬಂದಾಗ ಪರದೆಯ ಮೂಲೆಯಲ್ಲಿ ಹಲ್ಲು ಕಿರಿಯುವ ಹಳದಿ ಮುಖವಿತ್ತು.

"ಏನಂತೆ?"

"ನಮ್ಮ ಮಷೀನಲ್ಲಿ ಹದಿನಾರು ಇರೋದು ಅವರಿಗೆ ಅಲ್ಲಿಂದಲೇ ಗೊತ್ತಾಗಿದೆ," ಎಂದಳು ಅಮ್ಮ. ಕಣ್ಣು ಪರದೆಯಿಂದ ಕದಲಲಿಲ್ಲ. "ನನ್ನನ್ನ 'ವೇಗದ ಗುಂಪಿ'ಗೆ ಹಾಕಿದ್ದಾರಂತೆ. ಅಭಿನಂದನೆ ಅಂತ ಬರೆದಿದ್ದಾರೆ."

"ಹಾಗಂದ್ರೆ ಒಳ್ಳೇದಾ?"

"ಫೋಟೊ ಜಾಸ್ತಿ ಕಳಿಸ್ತಾರೆ. ಅಷ್ಟೇ ಹೊತ್ತಿನಲ್ಲಿ ಅಷ್ಟನ್ನೂ ಮುಗಿಸಬೇಕು."

"ದುಡ್ಡೂ ಜಾಸ್ತಿನಾ?"

ಅಮ್ಮ ಉತ್ತರ ಕೊಡುವ ಮೊದಲೇ ಮುಂದಿನ ಫೋಟೊ ಬಂತು. ಸೂಜಿಗೆ ಉತ್ತರ ಬೇಕಿರಲಿಲ್ಲ. ಹಳದಿ ಮುಖದ ಹಲ್ಲುಗಳನ್ನು ನೋಡಿದರೆ ಸಾಕಿತ್ತು.

ಅವತ್ತಿನಿಂದ ಚಕ್ರ ಬರಲಿಲ್ಲ. ಒಂದೂ ಬರಲಿಲ್ಲ. ಅಮ್ಮನ ಪಕ್ಕದಲ್ಲಿಟ್ಟ ಚಹಾ ಆರಿ, ಮೇಲೆ ಕೆನೆ ಕಟ್ಟಿ, ಹಾಗೆಯೇ ಅಡುಗೆಮನೆಗೆ ವಾಪಸ್ಸು ಹೋಗುತ್ತಿತ್ತು. ನೆಟಿಕೆ ಮುರಿಯುವ ಸದ್ದು ಮನೆಯಲ್ಲಿ ಕೇಳಲಿಲ್ಲ. ಸೂಜಿ ಕನ್ನಡಿಯ ಮುಂದೆ ತಾನೇ ಜಡೆ ಹೆಣೆದುಕೊಂಡಳು. ಎಡದ್ದು ಕಿವಿಯ ಮೇಲೆ ಕೂತರೆ ಬಲದ್ದು ಕತ್ತಿನ ಹಿಂದಕ್ಕೆ ಹೋಯಿತು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಅವಳನ್ನು 'ಓರೆ ಗಡಿಯಾರ' ಎಂದು ಕರೆದು ನಕ್ಕರು. ಸೂಜಿ ಚುಚ್ಚುವ ಉತ್ತರ ಕೊಡಲಿಲ್ಲ. ಅವಳಿಗೆ ಅದು ಹೊಳೆಯಲೇ ಇಲ್ಲ.

ಒಂದು ಸಂಜೆ ಅವಳು ಅಮ್ಮನ ಕುರ್ಚಿಯ ಹಿಂದೆ ಬಂದು ನಿಂತಳು.

"ಅಮ್ಮ, ಅಂಗಡಿ ಆಂಟಿ ಹತ್ರ ಹೋಗಿ ಎಂಟಕ್ಕೆ ಬದಲಾಯಿಸಿಕೊಂಡು ಬರೋಣ್ವಾ?"

ಅಮ್ಮನ ಮೌಸ್ ಒಂದು ಕ್ಷಣ ನಿಂತಿತು. ಮತ್ತೆ ಓಡಿತು. "ವೇಗದ ಗುಂಪಿಂದ ಕೆಳಗೆ ಇಳಿಸಲ್ಲ ಪುಟ್ಟ. ಇಳಿದ್ರೆ ಸೀದಾ ಹೊರಗೇ."

"ನಾನು ಹಠ ಮಾಡಬಾರದಿತ್ತು."

"ನೀನೇನು ಮಾಡಿದೆ? ಬೇಗ ಮುಗೀಲಿ ಅಂದೆ. ಅದು ತಪ್ಪಾ?" ಅಮ್ಮ ಒಂದು ಸೈಕಲ್ಲಿಗೆ ಚೌಕ ಎಳೆದಳು. "ಬೇಗ ಮುಗೀತಾನೂ ಇದೆ. ಉಳಿದ ಹೊತ್ತು ಎಲ್ಲಿ ಹೋಯ್ತು ಅನ್ನೋದು ನಂಗೂ ಗೊತ್ತಾಗ್ತಿಲ್ಲ."

ಸೂಜಿಗೆ ಗೊತ್ತಿತ್ತು. ಮುಖವನ್ನೇ ತೋರಿಸದ ಕಂಪನಿಯವರು ಅದನ್ನು ತಗೊಂಡು ಹೋಗಿದ್ದರು. ಕದ್ದದ್ದಾಗಿದ್ದರೆ ಕೂಗಿಕೊಳ್ಳಬಹುದಿತ್ತು. ಆದರೆ ಬೀಗದ ಕೈ ಕೊಂಡು ತಂದು ಅವರ ಕೈಗೆ ಕೊಟ್ಟದ್ದು ತಾವೇ. ಅದಕ್ಕೆ ಅವರು ಅಭಿನಂದನೆ ಬೇರೆ ಹೇಳಿದ್ದರು.

ಆಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು.

ಪುಸ್ತಕ ತಂದು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತಳು. "ನೀನು ಓದೋದು ಬೇಡ. ನಾನು ಓದ್ತೀನಿ, ನೀನು ಕೆಲಸ ಮಾಡ್ಕೊಂಡು ಕೇಳು. ಕಿವಿ ಖಾಲಿ ತಾನೆ?"

ಅಮ್ಮ ಬಹಳ ದಿನಗಳ ಮೇಲೆ ನಕ್ಕಳು. "ಖಾಲಿ. ಕಿವಿಗೆ ಮಾತ್ರ ಅವರಿನ್ನೂ ಕೆಲಸ ಹಚ್ಚಿಲ್ಲ."

ಸೂಜಿ ಗಂಟಲು ದಪ್ಪ ಮಾಡಿಕೊಂಡು ಶುರುಮಾಡಿದಳು. "ಸರಿಯಾಗಿ ಅದೇ ಹೊತ್ತಿಗೆ ಕರಡಿಯ ಮೂಗಿನೊಳಗೆ ಏನೋ ಗುಳುಗುಳು ಎಂದಿತು. ಕರಡಿ ಎಡಗೈಯಿಂದ ಮೂಗು ಹಿಡಿಯಿತು. ಹಿಟ್ಟು ಇನ್ನಷ್ಟು ಒಳಗೆ ಹೋಯಿತು. ಬಲಗೈಯಿಂದಲೂ ಹಿಡಿಯಿತು. ಪೀಪಾಯಿ ಮೆಲ್ಲಗೆ ನಡುಗತೊಡಗಿತು. 'ಇದೇನು, ಪೀಪಾಯಿಗೆ ಚಳಿಜ್ವರವೇ?' ಎಂದ ಕ್ಯಾಪ್ಟನ್. 'ಹೌದು ಸ್ವಾಮಿ,' ಎಂದ ಅಡುಗೆಯವನು, 'ನಿನ್ನೆ ರಾತ್ರಿ ಇದನ್ನು ಹೊದಿಸದೆ ಮಲಗಿಸಿಬಿಟ್ಟೆ.'"

ಅಮ್ಮ ಕಿಸಕ್ಕನೆ ನಕ್ಕಳು. ಆಮೇಲೆ ತಲೆ ಹಿಂದಕ್ಕೆ ಎಸೆದು ಬಾಯ್ತುಂಬ ನಕ್ಕಳು. ಹಳೆಯ ಅಮ್ಮನ ನಗು.

ಟಿಂಗ್.

ಪರದೆಯ ನಡುವೆ ಕೆಂಪು ಅಕ್ಷರಗಳು ಮೂಡಿದ್ದವು. ಸೂಜಿ ಎದ್ದು ಓದಿದಳು. ತಪ್ಪು. ಒಬ್ಬ ಮನುಷ್ಯನನ್ನು ಗುರುತಿಸಿಲ್ಲ.

ಮೇಲಿನ ಗೆರೆ ಹಸಿರಿನಿಂದ ಹಳದಿಗೆ ತಿರುಗಿತು.

ಅಮ್ಮನ ನಗು ಬಾಯಲ್ಲೇ ಉಳಿಯಿತು. ಅವಳು ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿದಳು. ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋದಳು. ಎಲ್ಲಿ ಮನುಷ್ಯ? ಸೂಜಿಯೂ ಹುಡುಕಿದಳು. ನಿಂತ ಬಸ್ಸಿನ ಹಿಂದೆ ಒಂದು ಭುಜದ ಚೂರು, ಚೀಲ ಹಿಡಿದ ಒಂದು ಕೈ. ಅಷ್ಟೇ ಕಾಣುತ್ತಿತ್ತು. ಅಮ್ಮ ಅದರ ಸುತ್ತ ಚೌಕ ಎಳೆದಳು. ಮುಂದಿನ ಫೋಟೊ ಬಂತು. ಅದರ ಬೆನ್ನಿಗೆ ಇನ್ನೊಂದು.

"ಯಾಕೆ ನಿಲ್ಲಿಸಿದೆ? ಓದು ಓದು," ಎಂದಳು ಅಮ್ಮ. "ಸೀನಿತಾ?"

ದನಿ ಹಾಗೆಯೇ ಇತ್ತು. ಬೆನ್ನು ಮಾತ್ರ ಹಲಗೆಯಂತೆ ಸೆಟೆದುಕೊಂಡಿತ್ತು.

ಸೂಜಿ ಪುಟ ನೋಡಿದಳು. ಸೀನು ಅಲ್ಲೇ ಇತ್ತು, ಮುಂದಿನ ಸಾಲಿನಲ್ಲಿ, ಅರ್ಧ ಪುಟ ತುಂಬುವಷ್ಟು ದಪ್ಪ ಅಕ್ಷರಗಳಲ್ಲಿ. ಅದನ್ನು ಓದಿದರೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾಳೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ತಲೆಯೆತ್ತಿ ಹಳದಿ ಗೆರೆ ನೋಡಿದಳು.

"ಇಲ್ಲಮ್ಮ, ಪಾಠ ಮುಗಿದುಹೋಯ್ತು. ಸೀನು ಮುಂದಿನ ಪಾಠದಲ್ಲಿದೆ."

"ಇಷ್ಟು ಬೇಗ ಮುಗೀತಾ?"

"ಹೂಂ. ಇದು ಸಣ್ಣ ಪಾಠ. ನಂಗೂ ಹೋಂವರ್ಕ್ ಇದೆ."

ಹೋಂವರ್ಕ್ ಇರಲಿಲ್ಲ. ಸೂಜಿ ಕಂಪಾಸ್ ಬಾಕ್ಸಿನಿಂದ ಹಳೆಯ ನಾಲ್ಕು ಜಿಬಿ ತುಂಡು ತೆಗೆದಳು. ಪುಟದ ಗುರುತಿಗೆಂದು ಅದನ್ನು ಕರಡಿ ಅಡಗಿದ್ದ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದಳು.

ತುಂಡು ದಪ್ಪವಾಗಿತ್ತು. ಪುಸ್ತಕ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ನಡುವೆ ಸಣ್ಣದೊಂದು ಸಂದು ಉಳಿಯಿತು.

ಸೂಜಿ ಅದನ್ನು ಒತ್ತಲು ಹೋಗಲಿಲ್ಲ. ಒಳಗೆ ಎರಡೂ ಕೈಯಿಂದ ಮೂಗು ಹಿಡಿದು ಕೂತಿರುವ ಕರಡಿಗೆ ಉಸಿರಾಡಲು ಅಷ್ಟಾದರೂ ಇರಲಿ ಎಂದು, ಪುಸ್ತಕವನ್ನು ಹಾಗೆಯೇ ಕಪಾಟಿನ ಮೇಲೆ, ಖಾಲಿ ಕನ್ನಡಕದ ಡಬ್ಬಿಯ ಪಕ್ಕ ಇಟ್ಟಳು.